ಬಾಗಿಲು ನೋಡಿದ ದೇವದೂತ

ಪಾದುವಾ ಊರಿನ ನಮ್ಮ ಎರಕದ ಮನೆಯಲ್ಲಿ ಯಜಮಾನರು ತೀರಿಕೊಂಡ ಮೇಲೆ ಅವರ ಹೆಂಡತಿ ಒರ್ಸೋಲಾ ಅತ್ತೆಯದೇ ಮಾತು. ಆಕೆ ಕೆಲಸದವರಿಗೆಲ್ಲ ಅತ್ತೆ. ನಿಜವಾದ ಸೋದರಳಿಯ ಮಾತ್ರ ಮಾರ್ಸಿಲಿಯೊ. ಇಗರ್ಜಿಯ ಪರಮಪ್ರಸಾದ ಸಂಘದವರು ತಮ್ಮ ಬಲಿಪೀಠದ ಎರಡು ಬದಿಗೆ, ಮೇಣದಬತ್ತಿ ಹಿಡಿದ ಮೊಳದುದ್ದದ ಕಂಚಿನ ದೇವದೂತರ ಜೋಡಿ ಬೇಕೆಂದಾಗ ಅತ್ತೆ ಅವನಿಗೆ ಹೇಳಿದ್ದು ಇಷ್ಟು: ಅವರು ಒಪ್ಪಿದರೆ, ಮುಗಿದ ಕೆಲಸಕ್ಕೆ ಒತ್ತುವ ಯಜಮಾನರ ಮುದ್ರೆ ನಿನ್ನದು, ಇಲ್ಲವಾದರೆ ವಿಚೆಂಜಾದಿಂದ ಬೇರೆಯವರನ್ನು ಕರೆಸುತ್ತೇನೆ.

ಮಾರ್ಸಿಲಿಯೊ ಒಂದು ಬೊಂಬೆ ಮಾಡಿ ಅಚ್ಚು ತೆಗೆದ. ಒಂದಕ್ಕೇ ಇಷ್ಟು ಪಾಡುಪಟ್ಟ ಮೇಲೆ ಇನ್ನೊಂದು ಅಚ್ಚು ಯಾಕೆಂದು ಅದರಲ್ಲೇ ಎರಡು ಮೇಣದ ಬೊಂಬೆ ತೆಗೆದು ಎರಡು ಎರಕ ಹೊಯ್ದ. ಚಳಿಗಾಲವಿಡೀ ನಾನು ಅರ ಹಿಡಿದು ರೆಕ್ಕೆ ಉಜ್ಜಿದೆ. ಈಸ್ಟರ್ ಕಳೆದ ಮೇಲೆ ಜೋಡಿಯನ್ನು ಮೇಜಿನ ಮೇಲೆ ನಿಲ್ಲಿಸಿ, ನಡುವೆ ಪ್ರಸಾದದ ಪೆಟ್ಟಿಗೆಯ ಬದಲು ರೊಟ್ಟಿಯ ಪೆಟ್ಟಿಗೆ ಇಟ್ಟು ನೋಡಿದೆವು. ಬಲಗಡೆಯವನು ಭಕ್ತಿಯಿಂದ ಅದರತ್ತ ತಿರುಗಿದ್ದ. ಎಡಗಡೆಯವನು ಅದಕ್ಕೆ ಬೆನ್ನು ಹಾಕಿ, ಪೂಜೆ ಯಾವಾಗ ಮುಗಿಯುತ್ತದೋ ಎಂಬಂತೆ ಬಾಗಿಲು ನೋಡುತ್ತಿದ್ದ. ಮಾರ್ಸಿಲಿಯೊ ಇಬ್ಬರನ್ನೂ ಅದಲುಬದಲು ಮಾಡಿದ. ಈಗ ಇನ್ನೊಬ್ಬ ಬಾಗಿಲು ನೋಡಿದ. ಹಿಂದುಮುಂದಾಗಿ ತಿರುಗಿಸಿಟ್ಟರೆ ಮೇಣದಬತ್ತಿ ಹಿಡಿದ ಕೈ ಗೋಡೆಯ ಪಾಲಾಗುತ್ತಿತ್ತು.

"ಎರಡು ಕೈಗೂ ಎಡಗೈ ಗವಸನ್ನೇ ಹೊಲಿದ್ಯಲ್ಲೋ, ಮಾರಾಯ," ಎಂದರು ಅತ್ತೆ.

ದೇವದೂತರು ಪೀಠ ಏರಬೇಕಾದ ಪರಮಪ್ರಸಾದದ ಹಬ್ಬ ದೂರವಿತ್ತು, ಆದರೆ ಪರೀಕ್ಷೆಗೆ ಸಂಘದವರು ಬರುವುದು ನಾಡಿದ್ದೇ. ಹೊಸ ಎರಕ ಆಗದ ಮಾತು. ತಪ್ಪು ನಿಜವಾಗಿಯೇ ಕುತ್ತಿಗೆಗೆ ಬಂತು: ಮಾರ್ಸಿಲಿಯೊ ಎಡಗಡೆಯವನ ತಲೆಯನ್ನು ಗರಗಸದಿಂದ ಕೊಯ್ದು, ಭುಜದ ಮೇಲಿಂದ ಪೀಠದ ಕಡೆ ತಿರುಗಿಸಿ ಬೆಸೆದ. ಗುಂಗುರು ಕೂದಲಿನ ಕೆಳಗೆ ಬೆಸುಗೆಯ ಗೆರೆ ತೆಳುವಾಗಿ ಉಳಿಯಿತು.

ಪರೀಕ್ಷೆಗೆ ಬಂದವರು ಸಂಘದ ಹಿರಿಯ ಬಾಲ್ದಿಸೆರಾ. ವರ್ಷವಿಡೀ ನೆಗಡಿ, ಅವರ ಬಾಯಲ್ಲಿ 'ನ' 'ದ' ಆಗುತ್ತದೆ, 'ಮ' 'ಬ' ಆಗುತ್ತದೆ. ಲೋಪವಿಲ್ಲದ ದೇವದೂತನನ್ನು ಒಮ್ಮೆ ನೋಡಿ ಬಿಟ್ಟರು. ಕುತ್ತಿಗೆ ಕೊಯ್ಸಿಕೊಂಡವನ ಮುಂದೆ ತುಂಬಾ ಹೊತ್ತು ನಿಂತರು. ಮಾರ್ಸಿಲಿಯೊ ಗೋಡೆಗೆ ಒರಗಿಕೊಂಡ.

"ಇವದು ದೋಡ್ತಾ ಇದ್ದಾದೆ," ಎಂದರು ಕೊನೆಗೆ. "ಅವದು ಸುಬ್ಬದೆ ದಿಂತಿದ್ದಾದೆ."

ಹೊರಟವನು ಹೋಗಲಾರದೆ ತಿರುಗಿ ನೋಡಿದ ಹಾಗಿದೆಯಂತೆ. ಹಬ್ಬದೊಳಗೆ ಇನ್ನೊಬ್ಬನೂ ಹೀಗೇ ಆಗಬೇಕಂತೆ.

ಇನ್ನೊಬ್ಬನ ಮೈ ಪೀಠದ ಕಡೆಗೇ ಇತ್ತು. ಬರೀ ಕುತ್ತಿಗೆ ತಿರುಗಿಸಿ ಪ್ರಯೋಜನವಿಲ್ಲ. ಮಾರ್ಸಿಲಿಯೊ ಅಂದು ಯಾಕೆಂದು ಬಿಟ್ಟಿದ್ದ ಎರಡನೆಯ ಅಚ್ಚನ್ನು ಈಗ ಮಾಡಲೇಬೇಕಾಯಿತು. ಕಂಚು ಸಾಲದ್ದರಿಂದ ಆ ಚಂದದವನನ್ನೇ ಒಡೆದು ಕುಲುಮೆಗೆ ಹಾಕಿದೆವು. ಒಡೆಯುವ ಕೆಲಸ ನನ್ನದು. ಒಂದೊಂದು ಪೆಟ್ಟಿಗೂ "ಸುಬ್ಬದೆ ದಿಂತಿದ್ದಾದೆ" ಎಂದೆ. ಯಾರೂ ನಗಲಿಲ್ಲ, ನಾನೂ ನಗಲಿಲ್ಲ. ಚಳಿಗಾಲವಿಡೀ ಉಜ್ಜಿದ ರೆಕ್ಕೆ ಅದು.

ಹೊಸಬ ಎರಕದಲ್ಲೇ ಹಿಂದಿರುಗಿ ನೋಡುತ್ತಾ ಬಂದ. ಬಾಲ್ದಿಸೆರಾ ಮತ್ತೆ ಬಂದು, ಇಬ್ಬರನ್ನೂ ನೋಡಿ, ಮೂಗು ಒರೆಸಿಕೊಂಡು ತಲೆ ಆಡಿಸಿದರು. ಅವರು ಹೋದ ಮೇಲೆ ಅತ್ತೆ ಸೊಂಟದ ಚೀಲದಿಂದ ಯಜಮಾನರ ಮುದ್ರೆ ತೆಗೆದು ಮಾರ್ಸಿಲಿಯೊನ ಕೈಗಿಟ್ಟರು. ಅವನು ಅದನ್ನು ಒತ್ತಲು ಹೊಸಬನ ಪಾದದ ಕಡೆ ಬಗ್ಗಿದ.

"ಅಲ್ಲಲ್ಲ," ಎಂದರು ಅತ್ತೆ. "ಮೊದಲು ಹಳಬನ ಕುತ್ತಿಗೆಗೆ ಒತ್ತು. ಬೆಸುಗೆ ಕಾಣ್ತಾ ಇದೆ."