ಏಳನೇ ಜೇಬು

ಟೇಪಕ್ಕ ತಮ್ಮನ ಮತ್ತು ಅವನ ಹೆಂಡತಿಯ ಜೊತೆ ಪರದೇಶಕ್ಕೆ ಹೊರಟಾಗ ಏಳು ದಿನದ ಕೈಖರ್ಚನ್ನು ಒಳಲಂಗಕ್ಕೆ ಹೊಲಿದುಕೊಂಡೇ ಹೊರಟಳು. ದಿನಕ್ಕೊಂದರಂತೆ ಏಳು ಜೇಬು, ಒಂದೊಂದರ ಬಾಯಿಗೂ ಕಚ್ಚಾ ಹೊಲಿಗೆ. ಬೆಳಿಗ್ಗೆ ಎದ್ದು ಒಂದರ ದಾರ ಕೀಳಬೇಕು, ಸಿಕ್ಕಿದ್ದರಲ್ಲೇ ಆ ದಿನ ಕಳೆಯಬೇಕು, ಮಿಕ್ಕಿದ್ದನ್ನು ಏಳನೆಯದಕ್ಕೆ ತುರುಕಿ ಮತ್ತೆ ಟಾಕಾ ಹಾಕಬೇಕು. ಮೂವತ್ತೈದು ವರ್ಷ ಊರವರ ಬಟ್ಟೆ ಹೊಲಿದವಳು. ತಂದ ತುಂಡು ಎಷ್ಟಿದ್ದರೂ ಅಷ್ಟರಲ್ಲೇ ತೋಳು, ಕೊರಳು ತೆಗೆಯುವುದು ಅವಳಿಗೆ ನೀರು ಕುಡಿದಷ್ಟು ಸಲೀಸು. ಸದಾ ಕೊರಳಲ್ಲಿ ಅಳತೆಯ ಟೇಪು ನೇತಾಡುತ್ತಿದ್ದುದರಿಂದ ಬೀದಿಯವರು ಇಟ್ಟ ಹೆಸರೇ ಅವಳಿಗೆ ಗಟ್ಟಿಯಾಗಿತ್ತು.

ತಮ್ಮನಿಗೆ ಈ ಜೇಬುಗಳನ್ನು ಕಂಡರೆ ನಗು. ಅವನು ದೊಡ್ಡ ಕಚೇರಿಯೊಂದರ ಲೆಕ್ಕದ ವಿಭಾಗದಲ್ಲಿರುವವನು. ವಿಮಾನಕ್ಕೆ, ರೂಮಿಗೆ ಅವಳ ಪಾಲನ್ನು ಮೊದಲೇ ಎಣಿಸಿಕೊಂಡಿದ್ದ. ಕೈಖರ್ಚಿನದ್ದೂ ಬೇಕೆಂದು ಕೈ ಚಾಚಿದಾಗ ಅಕ್ಕ ಜಗ್ಗಲಿಲ್ಲ.

"ಎಲ್ಲಾ ಒಂದೇ ಕಡೆ ಇದ್ರೆ ಲೆಕ್ಕ ಸುಲಭ ಅಕ್ಕ."

"ನನ್ನ ಲೆಕ್ಕ ನನಗೆ ಸುಲಭವಾಗೇ ಇದೆ ಕಣೋ."

ಅವಳು ಸುಮ್ಮನೆ ಹಾಗೆಂದದ್ದಲ್ಲ. ಗಂಡ ಹೋದ ಮೇಲೆ ಇಪ್ಪತ್ತು ವರ್ಷ ಅವಳ ದುಡಿಮೆಯ ಪಾಸ್‌ಬುಕ್ಕು ತಮ್ಮನ ಬೀರುವಿನಲ್ಲೇ ಇತ್ತು. ಅವನು ಒಂದು ಕಾಸು ತಿಂದವನಲ್ಲ, ಆ ಮಾತು ಹೇಳಲೇಬೇಕು. ಆದರೆ ಕೇಳಿದಾಗಲೆಲ್ಲ "ಯಾಕೆ?" ಎನ್ನುತ್ತಿದ್ದ. ತನ್ನ ದುಡ್ಡಿಗೆ ತಾನೇ ಕಾರಣ ಹೇಳಿ ಹೇಳಿ ಅವಳಿಗೆ ಸಾಕುಸಾಕಾಗಿತ್ತು. ಹೋದ ವರ್ಷ ಬೀರುವಿನ ಎದುರು ನಿಂತು ಪಟ್ಟು ಹಿಡಿದು ಪಾಸ್‌ಬುಕ್ಕು ವಾಪಸ್ಸು ತಂದಳು. ಒಳಲಂಗದ ಜೇಬುಗಳು ಹುಟ್ಟಿದ್ದು ಅದಾದ ಮೇಲೆ.

ಪರದೇಶದಲ್ಲಿ ತಮ್ಮನ ಬಾಯಲ್ಲಿ ಒಂದೇ ಮಂತ್ರ, "ನಮ್ಮ ದುಡ್ಡಲ್ಲಿ ಎಷ್ಟಾಯ್ತು?" ಕಾಫಿಯ ಬೆಲೆಯನ್ನು ನಮ್ಮ ದುಡ್ಡಿಗೆ ತಿರುಗಿಸಿ, ಎದೆ ಹಿಡಿದುಕೊಂಡು, ಒಂದೇ ಲೋಟ ತರಿಸಿ ಮೂವರಿಗೂ ಹಂಚುತ್ತಿದ್ದ. ಕಾರ್ಡು ತಿಕ್ಕುವ ಯಂತ್ರ "ನಿಮ್ಮ ದುಡ್ಡಲ್ಲೋ, ಈ ದೇಶದ ದುಡ್ಡಲ್ಲೋ" ಎಂದು ಕೇಳಿದಾಗಲೆಲ್ಲ, ಮನೆಯವರೇ ಸಿಕ್ಕಷ್ಟು ಖುಷಿಯಿಂದ "ನಮ್ಮ ದುಡ್ಡು" ಎಂದು ಒತ್ತುತ್ತಿದ್ದ. ಅವನ ಹೆಂಡತಿ ಬಾಯಿಗೆ ಬೀಗ ಹಾಕಿಕೊಂಡು ಹಿಂದೆ ನಡೆಯುತ್ತಿದ್ದಳು. ಟೇಪಕ್ಕ ಮಾತ್ರ ಒಂದನೇ ಜೇಬಿನಿಂದ ತನಗೊಂದು, ನಾದಿನಿಗೊಂದು ಪೂರ್ತಿ ಲೋಟ ಕೊಡಿಸಿದಳು.

ಮೂರನೇ ದಿನ, ರೂಮಿನ ಹಿಂದಿನ ಬೀದಿಯಲ್ಲಿ, ಅವಳಿಗೆ ಆ ಅಂಗಡಿ ಕಂಡಿತು. ಗಾಜಿನಾಚೆ ಮುದುಕ ದರ್ಜಿಯೊಬ್ಬ ಸೀಮೆಸುಣ್ಣದಲ್ಲಿ ಬೂದು ಬಣ್ಣದ ಉಣ್ಣೆಬಟ್ಟೆಗೆ ಗೆರೆ ಎಳೆಯುತ್ತಿದ್ದ. ಬಾಗಿಲಲ್ಲಿ ಎರಡು ಗಡಿಯಾರದ ಚಿತ್ರ, ಬೆಳಿಗ್ಗೆ ಅಳತೆ, ಸಂಜೆಗೆ ಕೋಟು. ಕೆಳಗೆ ಬೆಲೆ. ಟೇಪಕ್ಕ ಮೈಮೇಲಿದ್ದ ತಮ್ಮನ ಹಳೇ ಸ್ವೆಟರನ್ನು ನೋಡಿಕೊಂಡಳು. ಎರಡು ಮಡಿಕೆ ಮಡಿಸಿದರೂ ತೋಳಿನಲ್ಲಿ ಬೆರಳು ಮುಳುಗುತ್ತಿದ್ದವು. ಊರಿನ ಎಲ್ಲರ ಎದೆ, ಸೊಂಟ, ಭುಜದ ಅಳತೆ ಅವಳಿಗೆ ಬಾಯಿಪಾಠ. ಅವಳ ಅಳತೆಯನ್ನು ಇವತ್ತಿನವರೆಗೆ ಒಬ್ಬರೂ ತೆಗೆದಿರಲಿಲ್ಲ. ತನಗೂ ಒಂದು ಕೋಟು ಹೊಲಿಸಬೇಕೆಂದು ತಮ್ಮನಿಗೆ ಹೇಳಿದಳು.

"ದರ್ಜಿ ಹೋಗಿ ದರ್ಜಿ ಹತ್ರ ಹೊಲಿಸೋದಾ? ಜನ ನಗ್ತಾರೆ. ನಮ್ಮ ದುಡ್ಡಲ್ಲಿ ಎಷ್ಟಾಗುತ್ತೆ ಗೊತ್ತಾ?" ಎಂದ ತಮ್ಮ.

ಅವಳು ಬೆಲೆಯನ್ನು ಮನಸ್ಸಿನಲ್ಲಿ ಬರೆದುಕೊಂಡಳು. ಆಮೇಲೆ ಮೂರು ದಿನ ಬಸ್ಸು ಬಿಟ್ಟು ನಡೆದಳು, ಮಧ್ಯಾಹ್ನ ಬರೀ ಬ್ರೆಡ್ಡು ತಿಂದಳು. ಆರನೇ ಸಂಜೆಯ ಹೊತ್ತಿಗೆ ಏಳನೇ ಜೇಬು ಉಬ್ಬಿ ನಡೆಯುವಾಗ ತೊಡೆಗೆ ಒತ್ತುತ್ತಿತ್ತು.

ಅದೇ ಸಂಜೆ ತಮ್ಮನ ಕಾರ್ಡು ಕೈಕೊಟ್ಟಿತು. ಮೇಲಧಿಕಾರಿಗೆಂದು ಆರಿಸಿಟ್ಟ ಕೈಗಡಿಯಾರಕ್ಕೆ ಯಂತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಹೋಟೆಲಿಗೆ ಬಂದು ಕೌಂಟರಿನ ಹುಡುಗಿಗೆ ರಸೀದಿಗಳ ಕಟ್ಟನ್ನೇ ತೋರಿಸಿದ. ಅವಳು ಪೆನ್ಸಿಲಿನಲ್ಲಿ ಒಂದೊಂದಕ್ಕೂ ಸುತ್ತು ಹಾಕುತ್ತ ವಿವರಿಸಿದಳು: "ನಮ್ಮ ದುಡ್ಡು" ಎಂದು ಒತ್ತಿದಾಗಲೆಲ್ಲ, ಬದಲಿಸಿಕೊಟ್ಟ ನೆಪಕ್ಕೆ ನೂರಕ್ಕೆ ಏಳೆಂಟು ಹೆಚ್ಚು ಕಿತ್ತುಕೊಂಡಿದ್ದಾರೆ. ಆರು ದಿನವೂ, ಪ್ರತಿ ಸಲವೂ. ಹಾಗಾಗಿಯೇ ಕಾರ್ಡಿನ ಮಿತಿ ಬೇಗ ಮುಗಿದಿದೆ. ಲೆಕ್ಕದ ವಿಭಾಗದ ಮುಖ ಸುಟ್ಟ ಬದನೆಕಾಯಿಯಾಯಿತು.

ಬೆಳಿಗ್ಗೆ ಟೇಪಕ್ಕ ಮಂಚದ ಅಂಚಿನಲ್ಲಿ ಕೂತು ಕೊನೆಯ ಟಾಕಾ ಕೀಳುತ್ತಿದ್ದಾಗ ತಮ್ಮ ಬಾಗಿಲಲ್ಲಿ ಬಂದು ನಿಂತ.

"ಅಕ್ಕ, ಅದನ್ನ ಕೊಡು. ಗಡಿಯಾರ ತಗೊಂಡು ಹೋಗದಿದ್ರೆ ಕಚೇರಿಲಿ ನನ್ನ ಮಾನ ಹೋಗುತ್ತೆ. ಊರಿಗೆ ಹೋದ ತಕ್ಷಣ ವಾಪಸ್ ಕೊಡ್ತೀನಿ."

"ಇಲ್ಲ."

"ಯಾಕೆ?"

ಇಪ್ಪತ್ತು ವರ್ಷ ಕೇಳಿದ ಅದೇ ಮಾತು. ಆದರೂ ಅವಳು ದನಿ ಏರಿಸಲಿಲ್ಲ.

"ಯಾಕೆ ಅಂತ ಇನ್ಮೇಲೆ ಕೇಳಬೇಡ. ಊಟಕ್ಕಿಲ್ಲ ಅನ್ನು, ಈಗಲೇ ಕೊಡ್ತೀನಿ. ಕಾಯಿಲೆ ಅನ್ನು, ಕಿವಿ ಓಲೆನೂ ಬಿಚ್ಚಿಕೊಡ್ತೀನಿ. ನಿನ್ನ ಸಾಹೇಬರ ಮಣಿಕಟ್ಟಿಗೆ ನನ್ನ ಜೇಬು ಬಿಚ್ಚಲ್ಲ."

"ಅರವತ್ತು ವಯಸ್ಸಾಯ್ತು. ಈಗ ಕೋಟು ಹಾಕ್ಕೊಂಡು ಯಾರಿಗೆ ತೋರಿಸ್ಬೇಕು?"

"ಚಳಿಗೆ ತೋರಿಸ್ತೀನಿ," ಎಂದು ಎದ್ದಳು.

ಸ್ವೆಟರು ತೆಗೆದು, ಮಡಿಸಿ, ತಮ್ಮನ ಕೈಗಿಟ್ಟು ಬೀದಿಗಿಳಿದಳು. ಹಿಂದಿನಿಂದ ಚಪ್ಪಲಿಯ ಸದ್ದು. ನಾದಿನಿ ಶಾಲು ಹೊದ್ದು ಓಡಿಬಂದಿದ್ದಳು. "ಅತ್ತಿಗೆ, ನಾನೂ ಬರ್ತೀನಿ," ಎಂದಳು. ತಮ್ಮ ಸ್ವೆಟರು ಹಿಡಿದುಕೊಂಡೇ ಇಬ್ಬರ ಹಿಂದೆ ಬಂದ.

ಅಂಗಡಿಯಲ್ಲಿ ಮುದುಕ ಟೇಪು ಬಿಡಿಸಿದ. ಟೇಪಕ್ಕ ಕೈ ಅಗಲಿಸಿ ನಿಂತಳು. ಭುಜದಿಂದ ಮಣಿಕಟ್ಟಿನವರೆಗೆ ಟೇಪು ಇಳಿದಾಗ ಅವಳಿಗೆ ಕಣ್ಣೀರು ಬಂತು, ಒರೆಸಿಕೊಳ್ಳಲು ಕೈ ಇಳಿಸಲಿಲ್ಲ. ಇಳಿಸಿದರೆ ಅಳತೆ ತಪ್ಪುತ್ತದೆಂದು ಅವಳಿಗೆ ಗೊತ್ತಿಲ್ಲವೇ? ಅವನು ಎದೆಯ ಸುತ್ತ ಸ್ವಲ್ಪ ಬಿಗಿ ಹಿಡಿದಾಗ ಬೆರಳೆರಡು ತೂರಿಸಿ ಸಡಿಲ ಮಾಡಿಸಿದಳು. ಮುದುಕ ಅವಳ ಬೆರಳ ತುದಿಯ ಸೂಜಿಗಾಯಗಳನ್ನು ಕಂಡು ತನ್ನ ಬೆರಳನ್ನೂ ತೋರಿಸಿ ನಕ್ಕ.

ದುಡ್ಡು ಕೊಟ್ಟು ರಸೀದಿ ಪಡೆದದ್ದಾಯಿತು. ಮುದುಕ ಕೋಟಿನ ಚಿತ್ರ ಮುಂದಿಟ್ಟು, ಜೇಬು ಎಲ್ಲಿ ಎಂದು ಸನ್ನೆಯಲ್ಲಿ ಕೇಳಿದ.

"ಒಳಗೆ ಇಡಿಸು ಅಕ್ಕ," ಹಿಂದಿನಿಂದ ತಮ್ಮ ಮೆಲ್ಲಗೆ ಹೇಳಿದ. "ದುಡ್ಡು ಭದ್ರವಾಗಿರುತ್ತೆ."

ಟೇಪಕ್ಕ ಮುದುಕನ ಸೀಮೆಸುಣ್ಣ ತೆಗೆದುಕೊಂಡು, ಚಿತ್ರದ ಕೋಟಿನ ಮುಂಭಾಗದಲ್ಲಿ, ಹೊರಗಡೆ, ಎಲ್ಲರಿಗೂ ಕಾಣುವ ಹಾಗೆ, ಒಂದು ದೊಡ್ಡ ಜೇಬು ಬರೆದಳು.