ಫೋಲ್ಡರಿನ ಹಿಂದಿನ ಹೆಂಗಸು

"ಎಂತದಾ ಇದ್, ಫೋಲ್ಡರಿಗೆಲ್ಲ ಗಾಜ್ ಹಾಕಿದ್ಯಾ? ಒಂಬತ್ತನೇ ಕ್ಲಾಸ್ ದಾಟುಕ್ ಆಯ್ಲಿಲ್ಲ, ಕಂಪ್ಯೂಟರ್ ಚೆಂದ ಮಾಡುಕ್ ಹೊರ್ಟ ದೊಡ್ಡ್ ಇಂಜಿನಿಯರ್!"

ಹೆಮ್ಮಾಡಿಯ ಹೆದ್ದಾರಿ ಬದಿಯ ಸ್ಟುಡಿಯೋದಲ್ಲಿ ಪ್ರೇಮಾನಂದ ಇದನ್ನು ಹೇಳಿದ್ದು ತನ್ನ ಕೆಲಸದ ಹುಡುಗ ಮಿಥುನನಿಗೆ. ಕೇಳಿಸಿದ್ದು ಮಾತ್ರ ಮದುವೆ ಫೋಟೋ ಆರಿಸಲು ಬಸ್ರೂರಿನಿಂದ ಬಂದವರಿಗೆಲ್ಲ. ಮದುಮಗಳ ತಾಯಿ ಸರಸಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು. ಅವರ ಅಣ್ಣ ಚಂದು ಶೆಟ್ಟರಿಗೆ ಸೆರಗಿರಲಿಲ್ಲ, ಬಾಯಿ ತೆರೆದೇ ನಕ್ಕರು. ಮದುಮಗಳು ಶರಣ್ಯಾ ಮೊಬೈಲಿನಲ್ಲಿ ಮುಳುಗಿದ್ದಳು. ಆ ಪುಣ್ಯಾತ್ಗಿತ್ತಿಯೊಬ್ಬಳು ನಗಲಿಲ್ಲ.

ಮಿಥುನ ಹಲ್ಲು ಕಚ್ಚಿಕೊಂಡು ಮೌಸ್ ಹಿಡಿದ. ಗಾಜು ಹಾಕಿದ್ದು ಶೋಕಿಗಲ್ಲ. ಮುಂದಿನ ವಾರ ಬ್ರಹ್ಮಾವರದಲ್ಲೂ ಬೈಂದೂರಿನಲ್ಲೂ ಒಂದೇ ದಿನ ಮದುವೆ. ಪ್ರೇಮಾನಂದನ ಬಳಿ ಕ್ಯಾಮರಾ ಎರಡಿದ್ದವು, ಆದರೆ ದೇವರು ಮೈ ಮಾತ್ರ ಒಂದೇ ಕೊಟ್ಟಿದ್ದ. ಬ್ರಹ್ಮಾವರಕ್ಕೆ ಅವನೇ. ಬೈಂದೂರಿಗೆ? ಪ್ರೇಮಾನಂದನ ಅಕ್ಕನ ಮಗ ಪ್ರಥಮ್ ಇದ್ದ. ಫೋಟೋಗ್ರಫಿ ಕಲಿತ ಸರ್ಟಿಫಿಕೇಟಿಗೆ ಫ್ರೇಮ್ ಹಾಕಿಸಿಕೊಂಡಿದ್ದ. ಅವನು ತೆಗೆದ ಫೋಟೋಗಳಲ್ಲಿ ಮಾತ್ರ ಮದುಮಗನ ತಲೆ ಫ್ರೇಮಿನೊಳಗೆ ಬರುತ್ತಿರಲಿಲ್ಲ. "ನಾ ಹೋತೆ ಪ್ರೇಮಣ್ಣ" ಎಂದು ಮಿಥುನ ಕೇಳಿದ್ದಕ್ಕೆ "ಕಾಂಬ" ಎಂದು ನೋಡೋಣವೆಂಬ ಉತ್ತರ ಸಿಕ್ಕಿತ್ತು.

ಸರಿ, ಕಾಣಲಿ ಎಂದು ಮಿಥುನ ಅಂಗಡಿಯ ಹಳೇ ಕ್ಯಾಮರಾ ಹಿಡಿದು ಗಂಗೊಳ್ಳಿ ಬಂದರಿಗೆ ಹೋಗಿ ಮೀನು ಮಾರುವ ಅಕ್ಕುವಿನ ಫೋಟೋ ತೆಗೆದ. ಅದನ್ನು ಕಂಪ್ಯೂಟರಿನ ಡೆಸ್ಕ್‌ಟಾಪಿಗೆ ಹಾಕಿದ. ಆದರೆ ಪ್ರೇಮಾನಂದ ಡೆಸ್ಕ್‌ಟಾಪ್ ನೋಡಿದರೆ ತಾನೇ! ಬೆಳಗಿನಿಂದ ಸಂಜೆಯವರೆಗೆ ಮೇಲೆ ಯಾರದೋ ಮದುವೆಯ ಫೋಲ್ಡರು ಅಗಲವಾಗಿ ತೆರೆದುಕೊಂಡು ಬಿದ್ದಿರುತ್ತಿತ್ತು. ಹಾಗಾಗಿ ಮಿಥುನ ಒಂದು ಪುಕ್ಕಟೆ ಪ್ರೋಗ್ರಾಮ್ ಇಳಿಸಿಕೊಂಡು ಫೋಲ್ಡರುಗಳನ್ನೇ ಪಾರದರ್ಶಕ ಮಾಡಿಬಿಟ್ಟ. ಪೂರ್ತಿ ತಿಳಿ ಮಾಡಿದರೆ ಫೈಲುಗಳ ಹೆಸರು ಅಕ್ಕುವಿನ ಸೀರೆಯಲ್ಲಿ ಕಳೆದುಹೋಗುತ್ತಿತ್ತು. ಬ್ಲರ್ ಹೆಚ್ಚಿಸಿದರೆ ಹೆಸರು ಕಾಣುತ್ತಿತ್ತು, ಅಕ್ಕು ಮಂಜಾಗುತ್ತಿದ್ದಳು. ಸ್ಲೈಡರನ್ನು ಅತ್ತ ಎಳೆದು ಇತ್ತ ಎಳೆದು ಕೊನೆಗೆ ನಡುವೆ ನಿಲ್ಲಿಸಿದ್ದ. ಇಷ್ಟೆಲ್ಲ ಮಾಡಿದ ಮೇಲೆ ಪ್ರೇಮಾನಂದನಿಗೆ ಕಂಡದ್ದು ಗಾಜು.

"ಅಣ್ಣಾ, ಇಲ್ ಕಾಣ್," ಎಂದು ಸರಸಕ್ಕ ಇದ್ದಕ್ಕಿದ್ದಂತೆ ಮುಂದೆ ಬಾಗಿದರು. "ಹಿಂದೆ ಯಾರೋ ಹೆಂಗ್ಸ್ ಕೂಕಂಡಂಗ್ ಕಾಣ್ತ್."

ಮಿಥುನ ಮುಹೂರ್ತದ ಫೋಲ್ಡರಿನಿಂದ ರಿಸೆಪ್ಶನ್ನಿನದಕ್ಕೆ ದಾಟಿದ. ಹೆಂಗಸು ಅಲ್ಲೂ ಕೂತಿದ್ದಳು.

"ನಮ್ಮ್ ಬಾಗಿ ಅಜ್ಜಿ!" ಸರಸಕ್ಕನ ಕೈ ಎದೆಗೆ ಹೋಯಿತು. "ಅದೇ ಕೆಂಪ್ ಸೀರಿ. ಕೂಕಂಬ ರೀತಿ ಕಾಣ್, ಥೇಟ್ ಅವ್ರೇ!"

"ಅಜ್ಜಿ ಸತ್ತ್ ಯಾವ್ ಕಾಲ ಆಯ್ತ್ ಮಾರಾಯ್ತಿ," ಎಂದರು ಚಂದು ಶೆಟ್ಟರು.

"ಅದ್ಕೇ ಹೇಳುದ್! ಮದಿ ಮುಂಚೆ ಅವ್ರಿಗೆ ಎಲಿ ಹಾಕಿ ಸಮಾ ಬಡ್ಸಿಯಾ ನೀನ್?"

ಮದುವೆಗೆ ಮೊದಲು ಮನೆಯಲ್ಲಿ ತೀರಿಕೊಂಡವರಿಗೆ ಎಲೆ ಹಾಕಿ ಬಡಿಸುವುದು ಕ್ರಮ. ಚಂದು ಶೆಟ್ಟರು ಆ ಕ್ರಮವನ್ನು ಕ್ಯಾಟರಿಂಗಿನವರಿಗೆ ವಹಿಸಿದ್ದರು.

"ಬಡ್ಸಿತ್ತಲೇ," ಎಂದರು ಶೆಟ್ಟರು, ದನಿ ಇಳಿಸಿ. "ಗೋಬಿ ಮಂಚೂರಿ, ಪನೀರ್, ಎಲ್ಲಾ ಇಟ್ಟಿರ್."

"ಬಾಗಿ ಅಜ್ಜಿಗೆ ಗೋಬಿ ಮಂಚೂರಿಯಾ! ಕೋಳಿ ಸಾರ್ ಇಲ್ದೆ ಕೈ ತೊಳ್ದವ್ರಲ್ಲ ಅವ್ರ್! ಹಸ್ಕಂಡ್ ಬಂದ್ ಕೂಕಂಡಿದ್ರ್ ಕಾಣ್!"

"ಅಮ್ಮಾ, ಅದ್ ವಾಲ್‌ಪೇಪರ್ ಇರ್ಕ್," ಎಂದಳು ಶರಣ್ಯಾ, ಮೊಬೈಲಿನಿಂದ ತಲೆ ಎತ್ತದೆ.

"ಹಿರಿಯರ್ ವಿಷ್ಯದಗೆ ಬಾಯಿ ಹಾಕ್ಬೇಡ!"

ಕೈ ಮುಗಿದು ನಿಂತ ಸರಸಕ್ಕನನ್ನು ನೋಡಿ ಪ್ರೇಮಾನಂದನ ಮುಖ ಅರಳಿತು. ಹಿಂದಿರುವುದು ಏನೆಂದು ಅವನಿಗೂ ಗೊತ್ತಿರಲಿಲ್ಲ, ಗೊತ್ತಾಗುವ ಅವಸರವೂ ಇರಲಿಲ್ಲ. "ಅಪ್ರೂಪಕ್ಕೆ ಹಿಂಗ್ ಆತ್ತ್ ಸರಸಕ್ಕ. ಬರೀ ಕ್ಯಾಮರಾ ಇದ್ರ್ ಸಾಕಾ, ತೆಗೂಕೂ ಕೈ ಬೇಕ್. ಅಜ್ಜಿಗೆ ಬೇರೆಯೇ ಒಂದ್ ಪೇಜ್ ಮಾಡುವ."

ಮಿಥುನನಿಗೆ ಮೈಯೆಲ್ಲ ಉರಿಯಿತು. ಅವನ ಅಕ್ಕು ಈಗ ಪ್ರೇಮಾನಂದನ ಕೈಚಳಕಕ್ಕೆ ಸಿಕ್ಕ ದೆವ್ವ. ಸ್ಲೈಡರ್ ಹಿಡಿದು ಬ್ಲರ್ ಅನ್ನು ಸೊನ್ನೆಗೆ ಎಳೆದ.

ಮಂಜು ಸರಿಯಿತು. ಕೈಯಲ್ಲಿ ಕತ್ತಿ, ಮೊಣಕೈವರೆಗೆ ಅಂಟಿದ ಮೀನಿನ ಹುರುಪೆ, ಬಿಸಿಲಿಗೆ ಕಿರಿದಾದ ಕಣ್ಣು. ದರ ಹೇಳಲು ಹೊರಟವಳಂತೆ ಅಕ್ಕು ಬಾಯಿ ತೆರೆದು ಎಲ್ಲರನ್ನೂ ನೋಡುತ್ತಿದ್ದಳು.

"ಹೋ! ಇವ್ಳ್ ನಮ್ಮ್ ಗಂಗೊಳ್ಳಿ ಅಕ್ಕು ಅಲ್ದಾ!" ಶೆಟ್ಟರು ತೊಡೆ ತಟ್ಟಿ ನಕ್ಕರು. "ಕೈ ಮುಗಿ ಸರಸ, ಮುಗಿ. ನಾಳೆ ಬಂಗುಡೆ ಕಮ್ಮಿಗೆ ಕೊಡ್ತ್ಲ್!"

ಸರಸಕ್ಕ ಮುಗಿದ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ಸೆರಗು ಸರಿಮಾಡಿಕೊಂಡರು. ಆದರೂ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಎಷ್ಟ್ ಲಾಯ್ಕ್ ತೆಗ್ದಿರ್ ಕಾಣಿ. ಎದ್ರಿಗೇ ಕೂಕಂಡ್ ಮಾತಾಡ್ದಂಗ್ ಇತ್ತ್. ಯಾರ್ ತೆಗ್ದದ್ ಪ್ರೇಮಣ್ಣ ಇದ್ನ?"

ಪ್ರೇಮಾನಂದ ಮೊದಲ ಬಾರಿಗೆ ಆ ಫೋಟೋ ನೋಡಿದ. ಸುಮ್ಮನೆ ನೋಡಲಿಲ್ಲ, ಕೆಲಸ ಬಲ್ಲವನು ನೋಡುವಂತೆ ನೋಡಿದ: ಬೆಳಕು ಬಿದ್ದ ಕಡೆ, ಕಣ್ಣು, ಕತ್ತಿಯ ಅಂಚು. ಎಲ್ಲ ನೋಡಿ ಮುಗಿಸಿ ಗಂಟಲು ಸರಿಮಾಡಿಕೊಂಡ.

"ನಾನೇ, ಮತ್ಯಾರ್? ಬಂದರಿಗೆ ಹೋದಲ್ ತೆಗ್ದದ್. ಪ್ರಥಮನಿಗೂ ಹಿಂಗೇ ಹೇಳಿಕೊಟ್ಟಿದ್ದೆ, ಬೈಂದೂರ್ ಮದಿಗೆ ಅವ್ನೇ ಹೋಪುದ್." ಆಮೇಲೆ ಮಿಥುನನ ಹೆಗಲ ಮೇಲೆ ಕೈಯಿಟ್ಟ, ಜೀವಮಾನದಲ್ಲಿ ಇಡದ ಪ್ರೀತಿಯಿಂದ. "ಅಲ್ದನಾ ಮಿಥುನಾ? ನೀನೂ ಇದ್ದಿದ್ದಿ ಅಲ್ದಾ, ಬ್ಯಾಗ್ ಹಿಡ್ಕಂಡ್?"

ಎಲ್ಲರೂ ಮಿಥುನನ ಕಡೆ ತಿರುಗಿದರು. ಶರಣ್ಯಾ ಕೂಡ ಮೊಬೈಲು ಕೆಳಗಿಟ್ಟಳು.

ಅವನು ಹೆಗಲ ಮೇಲಿನ ಕೈಯಡಿಯಿಂದ ಎದ್ದ. ಕುರ್ಚಿಯನ್ನು ಮೇಜಿನೊಳಗೆ ತಳ್ಳಿದ. ಬಾಗಿಲ ಬಳಿ ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದ.

"ಹ್ವಾಯ್, ಕೇಂತಿಲ್ಯನಾ? ಆಲ್ಬಮ್ ಯಾರ್ ಮಾಡುದಾ?" ಎಂದು ಪ್ರೇಮಾನಂದ ಒಳಗಿನಿಂದ ಕೂಗಿದ.

ಮಿಥುನ ಹೆದ್ದಾರಿಯ ಅಂಚು ಹಿಡಿದು ನಡೆಯುತ್ತಲೇ ಹೋದ.