ಕೆನೆ ಬಣ್ಣದ ಸೀಟು, ನಾಲ್ಕು ಜೊತೆ ಶೂ

ಸಫ್ದರ್ ಆಲ್ದೂರಿನಿಂದ ಹಳೇ ಕಾರೊಂದನ್ನು ಕೊಂಡು ತಂದು ಬಣಕಲ್ಲಿನ ಮನೆ ಮುಂದೆ ನಿಲ್ಲಿಸಿದ ದಿನ, ಅವನ ತಂಗಿ ರುಬೀನಾ ಮೊದಲು ನೋಡಿದ್ದು ಕಾರಿನ ಒಳಗನ್ನು. ಸೀಟು, ಬಾಗಿಲಿನ ಒಳಮೈ, ತಲೆ ಮೇಲಿನ ಬಟ್ಟೆ, ಎಲ್ಲವೂ ಕಾಸಿದ ಹಾಲಿನ ಕೆನೆಯ ಬಣ್ಣ. ಮುಟ್ಟಲು ಹೋದವಳು ಕೈ ಹಿಂದೆಗೆದು, ದುಪಟ್ಟಾಕ್ಕೆ ಒರೆಸಿಕೊಂಡು ಆಮೇಲೆ ಮುಟ್ಟಿದಳು.

"ಹೆಂಗಿದೆ ನೋಡು. ಒಳಗೆ ಕೂತ್ರೆ ಏರೋಪ್ಲೇನಲ್ಲಿ ಕೂತಂಗೆ," ಎಂದ ಸಫ್ದರ್.

ಅಮ್ಮ ಶಹರ್ ಬಾನು ಹೊಸ್ತಿಲಲ್ಲೇ ನಿಂತು, "ಏರೋಪ್ಲೇನು ಮೋಡದ ಮೇಲೆ ಹೋಗತ್ತೆ ಮಾರಾಯ. ನೀನು ಹೋಗೋದು ಎಸ್ಟೇಟ್ ರಸ್ತೇಲಿ," ಎಂದರು.

ಸಫ್ದರ್ ನಕ್ಕುಬಿಟ್ಟ. ಆಗಿನ್ನೂ ಏಪ್ರಿಲ್, ರಸ್ತೆಯಲ್ಲಿ ಬರೀ ಧೂಳಿತ್ತು.

ಶಾಲೆ ಶುರುವಾದ ಮೇಲೆ ಕಾರಿಗೆ ಎರಡು ಕೆಲಸ. ಬೆಳಿಗ್ಗೆ ಎಂಟಕ್ಕೆ ಒಂದು ಎಸ್ಟೇಟಿನ ಗೇಟಿನಿಂದ ನಾಲ್ಕು ಮಕ್ಕಳನ್ನು ಹತ್ತಿಸಿಕೊಂಡು ಮೂಡಿಗೆರೆಯ ಶಾಲೆಗೆ ಬಿಡುವುದು, ಸಂಜೆ ವಾಪಸ್ ಕರೆತರುವುದು. ಉಳಿದ ಹೊತ್ತು ಗಿರಿಜಾಂಬಾ ಅವರ ಹೋಮ್‌ಸ್ಟೇಗೆ ಬರುವವರನ್ನು ಕಳಸದ ಕಡೆಯೋ ಚಿಕ್ಕಮಗಳೂರಿನ ಕಡೆಯೋ ತಿರುಗಾಡಿಸುವುದು. ಮಕ್ಕಳ ಟ್ರಿಪ್ ಒಪ್ಪಿಸುವಾಗ, ಆ ನಾಲ್ವರಲ್ಲಿ ದೊಡ್ಡವಳಾದ ಸುಪ್ರಿಯಾಳ ತಾಯಿ ಭುವನಾ ಒಂದು ಮಾತು ಹೇಳಿದ್ದಳು: "ಸಣ್ಣ ಮಕ್ಕಳು ಸಫ್ದರ್. ಜೊತೆಗೆ ಒಬ್ರು ಹೆಂಗಸು ಇರ್ಲಿ." ಹಾಗೆ ರುಬೀನಾ ಮುಂದಿನ ಸೀಟಿಗೆ ಬಂದಳು.

ಬಂದಳು ಎಂದು ಹೇಳುವುದು ಸುಲಭ. ಎಂಟನೇ ಕ್ಲಾಸಿನ ನಡುವೆ, ಅಮ್ಮ ಹಾಸಿಗೆ ಹಿಡಿದಾಗ, ಶಾಲೆ ಬಿಟ್ಟವಳು ಅವಳು. ಅಮ್ಮ ಎದ್ದು ಓಡಾಡುವ ಹೊತ್ತಿಗೆ ಅವಳ ಓರಗೆಯವರು ಕಾಲೇಜಿಗೆ ಹೋಗುತ್ತಿದ್ದರು. ಈಗ ಇಪ್ಪತ್ತು. ಹೊರಗಿನವರು ಮಾತಾಡಿಸಿದರೆ ಕತ್ತು ತಗ್ಗಿಸುತ್ತಿದ್ದಳು, ಅರ್ಧ ವಾಕ್ಯ ಆಡಿ ಉಳಿದರ್ಧ ನುಂಗುತ್ತಿದ್ದಳು. ಕಣ್ಣು ಮಾತ್ರ ಏನನ್ನೂ ಬಿಡುತ್ತಿರಲಿಲ್ಲ. ಅಂಥವಳಿಗೆ ದಿನಕ್ಕೆರಡು ಸಲ ರಸ್ತೆ ಸಿಕ್ಕಿತು. ಹಿಂದಿನ ಸೀಟಿನಲ್ಲಿ ಐದನೇ ಕ್ಲಾಸಿನ ಸುಪ್ರಿಯಾ ಉರು ಹೊಡೆಯುವ ಪಾಠ ಇವಳಿಗೂ ಬಾಯಿಗೆ ಬಂತು. ಮಕ್ಕಳು "ರುಬೀನಕ್ಕ, ರುಬೀನಕ್ಕ" ಎಂದು ಕತ್ತಿಗೆ ಜೋತುಬಿದ್ದರೆ ಅವಳೂ ಪೂರ್ತಿ ವಾಕ್ಯ ಆಡುತ್ತಿದ್ದಳು, ಜಗಳಕ್ಕೂ ನಿಲ್ಲುತ್ತಿದ್ದಳು.

ಜೂನ್ ಬಂತು. ಮಳೆ ಹಿಡಿಯಿತು. ಕೆನೆ ಬಣ್ಣ ಕಣ್ಣೆದುರೇ ಕೆಟ್ಟುಹೋಗತೊಡಗಿತು.

ಯಾವ ಕಲೆ ಯಾರದೆಂದು ರುಬೀನಾ ಕಣ್ಣು ಮುಚ್ಚಿ ಹೇಳಬಲ್ಲಳಾಗಿದ್ದಳು. ಬಾಗಿಲ ಹತ್ತಿರದ ಕೆಂಪು ಚುಕ್ಕೆಗಳು ಒಂದನೇ ಕ್ಲಾಸಿನ ರವಿಯವು. ಅವನ ಕಾಲಿಗೆ ಹತ್ತಿದ ಇಂಬಳ ರಕ್ತ ಕುಡಿದು ಬಿದ್ದುಹೋಗಿರುತ್ತಿತ್ತು, ರಕ್ತ ಮಾತ್ರ ಶಾಲೆಯವರೆಗೂ ಸುರಿಯುತ್ತಿತ್ತು. ನಡುವಿನ ಅಂಟು ಅದೇ ಎಸ್ಟೇಟಿನ ರುದ್ರೇಶ್ ಅವರ ಮನೆಯ ಅವಳಿ ಹುಡುಗರದು. ಚಡ್ಡಿ ಜೇಬಿನಲ್ಲಿ ಹಲಸಿನ ತೊಳೆ ತುಂಬಿಕೊಂಡು ಬರುವುದು ಅವರ ಪದ್ಧತಿ. ನೀಲಿ ಗೆರೆ ಸುಪ್ರಿಯಾಳ ಸ್ಕೆಚ್ ಪೆನ್ನಿನದು. ಕೆಸರು ಎಲ್ಲರದು.

ಒಂದು ಶನಿವಾರ ಗಿರಿಜಾಂಬಾ ಅವರ ಫೋನು ಬಂತು. ಸಫ್ದರ್ ಸ್ಪೀಕರ್ ಹಾಕಿದ್ದರಿಂದ ಅಡುಗೆಮನೆಗೂ ಕೇಳಿಸಿತು.

"ನೋಡು ಸಫ್ದರ್, ನಿನ್ನ ಕಾರಲ್ಲಿ ಬಂದೋರು ಬಿಳೀ ಪ್ಯಾಂಟಿಗೆ ಹಲಸಿನ ಮೇಣ ಮೆತ್ಕೊಂಡು ಇಳಿದಿದಾರೆ. ಮುಂದಿನ ಶುಕ್ರವಾರ ಚಿಕ್ಕಮಗಳೂರಿಂದ ಒಂದು ಸಂಸಾರ ಬರೋದಿದೆ. ಇನ್ನೊಂದ್ಸಲ ಹಿಂಗಾದ್ರೆ ನಾನು ಬೇರೆ ಕಾರಿಗೆ ಹೇಳ್ತೀನಿ, ಬೇಜಾರು ಮಾಡ್ಕೋಬೇಡ."

ಸಫ್ದರ್ ಫೋನಿಟ್ಟು ಹೊರಗೆ ಹೋಗಿ ಸೀಟು ನೋಡಿ ಬಂದ. ಆಮೇಲೆ, "ಎರಡು ದೋಣಿಗೆ ಕಾಲಿಡೋಕಾಗಲ್ಲ. ಈ ತಿಂಗಳಿಗೆ ಮಕ್ಕಳ ಟ್ರಿಪ್ ಬಿಟ್ಬಿಡ್ತೀನಿ," ಎಂದ.

ರುಬೀನಾಳ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. "ಸೀಟಿಗೆ ಕರೀ ಕವರ್ ಹಾಕ್ಸು ಭಾಯಿ."

"ಕರೀ ಕವರ್ ಹಾಕೋದಾದ್ರೆ ಈ ಕಾರೇ ಎಂತಕ್ಕೆ ಬೇಕಿತ್ತು? ಆ ಬಣ್ಣ ನೋಡೇ ಅಲ್ವಾ ಗಿರಿಜಾಂಬಾ ಅಮ್ಮ ನನಗೆ ಟ್ರಿಪ್ ಕೊಡ್ತಿರೋದು?"

"ಶುಕ್ರವಾರದ ತನಕ ನೋಡು. ಸೀಟು ಕ್ಲೀನ್ ಇರತ್ತೆ."

"ಇಲ್ದಿದ್ರೆ?"

ಅವಳು ಸೌಟು ಕೆಳಗಿಟ್ಟಳು. "ಇಲ್ದಿದ್ರೆ ಬಿಟ್ಬಿಡು."

ಭಾನುವಾರವಿಡೀ ರುಬೀನಾ ಕಾರಿನೊಳಗೇ ಇದ್ದಳು. ರಕ್ತಕ್ಕೆ ಬಿಸಿನೀರು ತಾಗಿಸಬಾರದೆಂದು ಅವಳಿಗೆ ಗೊತ್ತಿತ್ತು, ಉಪ್ಪು ಬೆರೆಸಿದ ತಣ್ಣೀರಲ್ಲಿ ಒತ್ತಿ ಒತ್ತಿ ತೆಗೆದಳು. ಮೇಣಕ್ಕೆ ಎಲ್ಲರಂತೆ ತೆಂಗಿನೆಣ್ಣೆ ಹಚ್ಚಿದಳು. ಮೇಣ ಬಿಟ್ಟಿತು, ಎಣ್ಣೆ ಅಂಗೈ ಅಗಲಕ್ಕೆ ಹರಡಿ ಕೂತಿತು. ಅದರ ಮೇಲೆ ಅಕ್ಕಿಹಿಟ್ಟು ಉದುರಿಸಿ, ಹಿಟ್ಟು ಎಣ್ಣೆ ಕುಡಿದ ಮೇಲೆ ಬ್ರಷ್ಷಿನಿಂದ ಕೊಡವಿ, ಸೋಪಿನ ನೊರೆ ಹಾಕಿ ಒರೆಸಿದಳು. ಬಿಸಿಲಿಲ್ಲದ ಊರಲ್ಲಿ ಒಣಗುವುದು ಹೇಗೆ? ಕಿಟಕಿಯಿಂದ ವೈರ್ ಎಳೆದು ಟೇಬಲ್ ಫ್ಯಾನನ್ನು ಕಾರಿನೊಳಗೆ ಕೂರಿಸಿದಳು.

"ನನಗೆ ಜ್ವರ ಬಂದಾಗ್ಲೂ ಈ ಫ್ಯಾನು ಇಷ್ಟು ಹೊತ್ತು ತಿರುಗಿಲ್ಲ," ಎಂದರು ಅಮ್ಮ.

ಸೋಮವಾರ ಸಂಜೆಗೆ ಮತ್ತೆ ಅದೇ ಕೆಸರು, ಅದೇ ಕಲೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಮಂಗಳವಾರ ಕಾಫಿ ತುಂಬುವ ಗೋಣಿಚೀಲ ಹಾಸಿದಳು. ಚುಚ್ಚುತ್ತದೆಂದು ಮಕ್ಕಳು ಒದ್ದು ಕೆಳಗೆ ತಳ್ಳಿದರು. ಬುಧವಾರ ಹಳೇ ಬೆಡ್‌ಶೀಟು ಹಾಸಿದಳು. ಅದು ಮುದುಡಿ ಅವಳಿಗಳ ಕುಂಡೆಯಡಿ ಸೇರಿತು. ಗುರುವಾರ ಏನನ್ನೂ ಮಾಡದೆ ಬರೀ ನೋಡಿದಳು. ರಸ್ತೆ ಪಕ್ಕ ಕೋತಿ ಕಂಡ ಕೂಡಲೇ ಅವಳಿಗಳು ಸೀಟಿನ ಮೇಲೆ ಮಂಡಿಯೂರಿ ಹಿಂದಿನ ಗಾಜಿಗೆ ಮೂಗೊತ್ತುತ್ತಾರೆ, ರವಿಯೂ ಹತ್ತುತ್ತಾನೆ. ಆರು ಶೂಗಳ ಅಂಚು ಸೀಟಿಗೆ ಒರಗುತ್ತದೆ. ಕೆಸರು ಬರುತ್ತಿರುವುದು ಶೂನಿಂದ! ಶೂ ಬಿಚ್ಚಿಸಿದರೆ ಮುಗಿಯಿತು.

ಆ ಸಂಜೆ ಮಕ್ಕಳನ್ನು ಗೇಟಿನಲ್ಲಿ ಇಳಿಸುವಾಗ ಹೇಳಿದಳು: "ನಾಳೆಯಿಂದ ಕಾರು ಅಂದ್ರೆ ಮನೆ ಇದ್ದಂಗೆ. ಶೂ ಬಿಚ್ಚಿ ಹತ್ತಬೇಕು, ಆಯ್ತಾ?"

"ಆಯ್ತು ರುಬೀನಕ್ಕ," ಎಂದವು ನಾಲ್ಕೂ.

ರಾತ್ರಿ ಸೀಟನ್ನು ಮತ್ತೊಮ್ಮೆ ತೊಳೆದು ಫ್ಯಾನಿಟ್ಟು ಒಣಗಿಸಿದಳು. ಬಿಚ್ಚಿದ ಶೂಗಳನ್ನು ಇಡಲು ಡಿಕ್ಕಿಯಲ್ಲಿ ಒಂದು ಪ್ಲಾಸ್ಟಿಕ್ ಬುಟ್ಟಿ ಇಟ್ಟಳು. ಬುಟ್ಟಿಯ ಮಾತನ್ನು ಮಾತ್ರ ಆಡಲಿಲ್ಲ. ಅದು ಹೇಳಬೇಕಾದ ಮಾತೆಂದು ಅವಳಿಗೆ ಅನಿಸಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಮಳೆ ಜಡಿಯುತ್ತಿತ್ತು. ಸಫ್ದರ್ ಹತ್ತು ಗಂಟೆಗೆ ಚಿಕ್ಕಮಗಳೂರಿನಲ್ಲಿ ಇರಬೇಕಿದ್ದರಿಂದ ಎಂಜಿನ್ ಆರಿಸಲೇ ಇಲ್ಲ. ಗೇಟಿನಲ್ಲಿ ಮಕ್ಕಳು ಹತ್ತಿದರು, ಬಾಗಿಲು ಬಡಿಯಿತು, ಮುಂದೆ ಕೂತವಳು ಅದು ಡಿಕ್ಕಿಯ ಸದ್ದೆಂದುಕೊಂಡಳು, ಕಾರು ಹೊರಟಿತು. ರುಬೀನಾ ತಿರುಗಿ ನೋಡಿದಳು. ಸೀಟಿನಂಚಿನಲ್ಲಿ ನಾಲ್ಕು ಜೊತೆ ಬಿಳೀ ಕಾಲುಚೀಲ, ಮೊಲದ ಮರಿಗಳಂತೆ. ಕೆನೆ ಬಣ್ಣಕ್ಕೆ ಒಂದು ಚುಕ್ಕೆಯೂ ಬಿದ್ದಿಲ್ಲ. ದಾರಿಯಲ್ಲಿ ಕೋತಿಗಳು ಬಂದವು, ಅವಳಿಗಳು ಮಂಡಿಯೂರಿದರು, ಆಗಲೂ ಏನೂ ಆಗಲಿಲ್ಲ. ಅವಳಿಗೆ ಹಾಡಬೇಕೆನಿಸಿತು.

ಶಾಲೆಯ ಮುಂದೆ ಇಳಿದು ಡಿಕ್ಕಿ ತೆಗೆದಳು. ಬುಟ್ಟಿ ಖಾಲಿ.

"ಶೂ ಎಲ್ಲಿ?"

"ಬಿಚ್ಚಿಟ್ವಲ್ಲ," ಎಂದಳು ಸುಪ್ರಿಯಾ.

"ಎಲ್ಲಿ ಬಿಚ್ಚಿಟ್ರಿ?"

"ಗೇಟ್ ಹತ್ರ. ಸಾಲಾಗಿ ಇಟ್ಟಿದೀವಿ ಅಕ್ಕಾ," ಎಂದ ಅವಳಿಗಳಲ್ಲಿ ಒಬ್ಬ, ಹೊಗಳಿಸಿಕೊಳ್ಳುವ ದನಿಯಲ್ಲಿ.

"ಒಳಗೆ ತರ್ಬೇಕಲ್ವೇನೋ!"

ರವಿ ಕಣ್ಣರಳಿಸಿದ. "ಮನೆ ಒಳಗೆ ಯಾರಾದ್ರೂ ಶೂ ತರ್ತಾರಾ? ನಮ್ಮಜ್ಜಿ ಬೆನ್ನಿಗೆ ಹಾಕ್ತಾರೆ."

ಸಫ್ದರ್ ಸ್ಟೇರಿಂಗಿಗೆ ಹಣೆ ಚಚ್ಚಿಕೊಂಡ. "ಇದೊಂದು ಬಾಕಿ ಇತ್ತು. ಈಗ ವಾಪಸ್ ಹೋದ್ರೆ ಆ ಸಂಸಾರ ಬಸ್‌ಸ್ಟ್ಯಾಂಡಲ್ಲಿ ಕೂತಿರತ್ತೆ. ಸಾಕು ಮಾರಾಯ್ತಿ, ಇವತ್ತಿಗೇ ಮುಗೀತು ಈ ಟ್ರಿಪ್ಪು."

ರುಬೀನಾಳ ಕಣ್ಣಲ್ಲಿ ನೀರು ಬಂತು. ಆದರೆ ನಾಲ್ಕು ಮಕ್ಕಳು ಜಲ್ಲಿಯ ಮೇಲೆ ಒಂಟಿಕಾಲಲ್ಲಿ ಕೊಕ್ಕರೆಗಳಂತೆ ನಿಂತಿದ್ದವು. ಅಳಲು ಅದು ಹೊತ್ತಲ್ಲ.

"ನೀನು ಹೋಗು ಭಾಯಿ. ನಾನು ಬಸ್ಸಲ್ಲಿ ಹೋಗಿ ಶೂ ತರ್ತೀನಿ."

"ನೀನಾ? ಒಬ್ಬಳೇ?"

"ಹೋಗು, ಹೊತ್ತಾಗತ್ತೆ."

ರವಿಯನ್ನು ಸೊಂಟಕ್ಕೆ ಏರಿಸಿಕೊಂಡು, ಉಳಿದವರನ್ನು ತುದಿಗಾಲಲ್ಲಿ ನಡೆಸಿಕೊಂಡು ಶಾಲೆಯ ಜಗಲಿಗೆ ಬಂದಳು. ಬಾಗಿಲಲ್ಲಿ ನಿಂತಿದ್ದ ಟೀಚರು ಕಾಲುಚೀಲಗಳನ್ನು ನೋಡಿ ಹುಬ್ಬು ಗಂಟಿಕ್ಕಿದರು. ಎಂಟನೇ ಕ್ಲಾಸು ಬಿಟ್ಟ ಮೇಲೆ ರುಬೀನಾ ಶಾಲೆಯ ಜಗಲಿ ಹತ್ತಿದ್ದು ಇದೇ ಮೊದಲು. ಅರ್ಧ ವಾಕ್ಯ ಆಡಿ ಏನಾಯಿತೆಂದು ಈಗಷ್ಟೇ ಕಂಡಿದ್ದಳು, ಹಾಗಾಗಿ ಇಡೀ ವಾಕ್ಯ ಆಡಿದಳು: "ತಪ್ಪು ನಂದು ಮಿಸ್, ಮಕ್ಕಳಿಗೆ ಬೈಬೇಡಿ, ಹನ್ನೊಂದರೊಳಗೆ ಶೂ ತಂದ್ಕೊಡ್ತೀನಿ."

ಬಸ್ಸಿನಲ್ಲಿ ಕಂಡಕ್ಟರಿಗೆ ತಾನೇ ಊರು ಹೇಳಿ ಟಿಕೆಟ್ ತೆಗೆದುಕೊಂಡಳು. ಗೇಟಿನ ಹತ್ತಿರ ಇಳಿದಾಗ ಭುವನಾ ಕೊಡೆ ಹಿಡಿದು ನಿಂತಿದ್ದಳು, ಮುಖ ಬಿಳಿಚಿತ್ತು. ಸೊಪ್ಪಿಗೆಂದು ಗೇಟಿನ ಕಡೆ ಬಂದವಳು ಮಗಳ ಶೂ ಕಂಡು ಮೇಲಿಂದ ಮೇಲೆ ಫೋನು ಮಾಡಿದ್ದಳು. ಸಫ್ದರನ ಫೋನಿಗೆ ಸಿಗ್ನಲ್ ಸಿಕ್ಕಿರಲಿಲ್ಲ.

"ರುಬೀನಾ! ಮಕ್ಕಳೆಲ್ಲಿ?"

"ಶಾಲೇಲಿ ಇದಾರೆ ಅಕ್ಕಾ, ಆರಾಮಾಗಿದಾರೆ. ಕಾರು ಮನೆ ಇದ್ದಂಗೆ ಅಂದಿದ್ದೆ, ಅದಕ್ಕೇ ಶೂ ಹೊರಗೆ ಬಿಟ್ಟು ಹತ್ತಿದಾರೆ."

ಭುವನಾ ಅರೆಕ್ಷಣ ಅವಳನ್ನೇ ನೋಡಿದಳು. ಆಮೇಲೆ ನಗು ಬಂತು, ಎಂಥ ನಗುವೆಂದರೆ ಕೊಡೆ ಒಂದು ಕಡೆ ವಾಲಿ ಅವಳೇ ನೆನೆದಳು. ಗೇಟು ಕಾಯುವ ಕೆಂಚಯ್ಯ ತನ್ನ ಶೆಡ್ಡಿನಿಂದ ಹೊರಬಂದ. ಶೂಗಳಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಕಲ್ಲು ಹೇರಿದ್ದವನು ಅವನೇ.

"ಕಾರೊಳಗೆ ದೇವರು ಗೀವರು ಕೂರಿಸ್ಕೊಂಡು ಹೊರಟಿದಾರೇನೋ ಅಂತ ನಾನೂ ಕೈ ಮುಗ್ದೆ ಮಾರಾಯ್ತಿ," ಎಂದ.

ಈಗ ಮೂವರೂ ನಕ್ಕರು. ನಗುತ್ತಲೇ ರುಬೀನಾಳಿಗೆ ಅಳು ಬಂದುಬಿಟ್ಟಿತು. ಸೀಟಿನ ವಿಷಯ, ಗಿರಿಜಾಂಬಾ ಅವರ ಫೋನು, ಅಣ್ಣನ ಮಾತು, ಎಲ್ಲ ಹೊರಬಿತ್ತು.

"ಟ್ರಿಪ್ ನಿಂತ್ರೆ ನಾನು ಮತ್ತೆ ಮನೇಲೇ ಅಕ್ಕಾ."

"ಇದನ್ನೆಲ್ಲ ಮೊದ್ಲೇ ನಮ್ಮತ್ರ ಹೇಳ್ಬಾರ್ದಿತ್ತೇನೇ? ಒಂದು ವಾರದಿಂದ ಒಬ್ಬಳೇ ಉಜ್ಜಿದೀಯಲ್ಲ!"

ರುಬೀನಾ ಕಣ್ಣೊರೆಸಿಕೊಂಡು ಕೂತು ಶೂಗಳನ್ನು ಒಂದೊಂದಾಗಿ ತಿರುವಿದಳು. ಮೇಲೆ ಪಾಲಿಶ್ ಫಳಫಳ, ಅಡಿಯಲ್ಲಿ ಎರಡು ಬೆರಳು ಕೆಂಪು ಮಣ್ಣು. ಮನೆಗಳಿಂದ ಗೇಟಿನವರೆಗಿನ ಕಾಲುದಾರಿಯ ಮಣ್ಣು. ಮೂಡಿಗೆರೆಯಲ್ಲಿ ಮಕ್ಕಳು ಇಳಿಯುವುದು ಜಲ್ಲಿಯ ಮೇಲೆ, ಅಲ್ಲಿ ಕೆಸರೇ ಇಲ್ಲ.

"ಅಕ್ಕಾ," ಎಂದಳು ನಿಧಾನವಾಗಿ, "ಶೂ ಮನೆಗೇ ಬರ್ಬಾರ್ದು. ಕಾರಲ್ಲೇ ಇರ್ಲಿ."

"ಎಂತ?"

"ಮನೆಯಿಂದ ಹವಾಯಿ ಚಪ್ಪಲೀಲಿ ಬರ್ಲಿ. ಇಲ್ಲಿ ನಲ್ಲೀಲಿ ಕಾಲು ತೊಳ್ಕೊಂಡು ಚಪ್ಪಲಿ ಶೆಡ್ಡಲ್ಲಿ ಬಿಡ್ಲಿ, ಕಾರು ಹತ್ತಿ ಶೂ ಹಾಕ್ಕೊಳ್ಳಲಿ. ಸಂಜೆ ಇದನ್ನೇ ತಿರುಗಿಸಿ ಮಾಡೋದು."

"ಅಯ್ಯೋ, ದಿನಾ ಸಂಜೆ ಬಚ್ಚಲ ಒಲೆ ಮುಂದೆ ಶೂ ಒಣಗಿಸಿ ಒಣಗಿಸಿ ನನಗೆ ಸಾಕಾಗಿದೆ. ಅದೂ ತಪ್ಪಿತು!" ಎಂದಳು ಭುವನಾ. "ಹಲಸಿನ ತೊಳೆ ವಿಷಯ ಅವಳಿಗಳ ಅಮ್ಮನಿಗೆ ನಾನು ಹೇಳ್ತೀನಿ ಬಿಡು."

"ಬೇಡ ಅಕ್ಕಾ. ನಾನೇ ಹೇಳ್ತೀನಿ."

ಕೆಂಚಯ್ಯ ತನ್ನ ಪಾಲಿನ ಕೆಲಸವನ್ನೂ ಕೇಳದೆಯೇ ತೆಗೆದುಕೊಂಡ. "ಕಾಲು ತೊಳೆಯೋವಾಗ ಇಂಬಳ ಇದ್ರೆ ಕಿತ್ತು ಸುಣ್ಣ ಹಚ್ಚಿ ಕಳಿಸ್ತೀನಿ. ನನಗೂ ಬೆಳಿಗ್ಗೆ ಎಂತ ಕೆಲಸ?"

ಭುವನಾ ಸ್ಕೂಟಿ ತಂದಳು. ಅಡಿ ತೊಳೆದ ನಾಲ್ಕು ಜೊತೆ ಶೂಗಳನ್ನು ಚೀಲದಲ್ಲಿ ಮಡಿಲಿಗಿಟ್ಟುಕೊಂಡು ರುಬೀನಾ ಮೂಡಿಗೆರೆಗೆ ಹೋದಳು. ಹನ್ನೊಂದಕ್ಕೆ ಇನ್ನೂ ಹತ್ತು ನಿಮಿಷ ಇತ್ತು. ಸಂಜೆ ಸಫ್ದರ್ ಕರೆಯಲು ಬಂದಾಗ ಮಕ್ಕಳು ಶೂಗಳನ್ನು ಎದೆಗಪ್ಪಿಕೊಂಡು ಕಾರು ಹತ್ತಿದರು, ಯಾರು ಕೇಳಿದರೂ ಬಿಡಲಿಲ್ಲ. ಸಫ್ದರನ ತುಟಿ ಒಂದು ಸಲ ಅಲುಗಿತು. ಹವಾಯಿ ಚಪ್ಪಲಿ, ಗೇಟಿನ ನಲ್ಲಿ, ಎಲ್ಲ ಏರ್ಪಾಟನ್ನೂ ರುಬೀನಾ ದಾರಿಯಲ್ಲಿ ಅವನಿಗೆ ಹೇಳಿದಳು. ಇವತ್ತಿಗೇ ಮುಗೀತು ಎಂದವನು ಆ ಮಾತನ್ನು ಮಾತ್ರ ಹಿಂದೆ ತೆಗೆದುಕೊಳ್ಳಲಿಲ್ಲ.

ಶನಿವಾರ ಶಾಲೆ ಇರಲಿಲ್ಲ, ಇಡೀ ದಿನ ಅವನು ಅತಿಥಿಗಳ ಜೊತೆ ಕಳಸದಲ್ಲಿದ್ದು ರಾತ್ರಿ ಅಲ್ಲೇ ಉಳಿದ. ರುಬೀನಾ ಅವಳಿಗಳ ಮನೆಗೆ ಹೋಗಿ ಹಲಸಿನ ಮಾತು ಆಡಿ ಬಂದಳು. ಮರಳಿ ಬರುವಾಗ ಅವಳ ಕೈಯಲ್ಲಿ ಒಂದು ಬುಟ್ಟಿ ಹಲಸಿನ ತೊಳೆ ಇತ್ತು, ಅದು ಬೇರೆ ವಿಷಯ.

ಭಾನುವಾರ ಸಂಜೆ ಕಾರು ಬಂತು. ರುಬೀನಾ ಓಡಿಹೋಗಿ ಹಿಂಬಾಗಿಲು ತೆಗೆದಳು. ಸೀಟಿನ ನಡುವೆ ಕಂದು ಬಣ್ಣದ ದೊಡ್ಡ ಕಲೆ.

"ನಮ್ಮ ಮಕ್ಕಳದಲ್ಲ," ಎಂದ ಸಫ್ದರ್ ಹಿಂದಿನಿಂದ. "ಶುಕ್ರವಾರ ಸೀಟು ನೋಡಿ ಅವರಮ್ಮ ಎಷ್ಟು ನೀಟಾಗಿ ಇಟ್ಕೊಂಡಿದೀರಿ ಅಂದ್ರು. ನಿನ್ನೆ ಕಳಸ ಮುಟ್ಟೋದ್ರೊಳಗೆ ಅವರ ಮಗನೇ ಚಾಕೊಲೇಟ್ ಹಾಲು ಚೆಲ್ಲಿದ. ಆ ಯಮ್ಮನಿಗೆ ನಾಚಿಕೆಯಾಗಿ ಆಮೇಲೆ ನನ್ನ ಮುಖವೇ ನೋಡಿಲ್ಲ."

"ಗಿರಿಜಾಂಬಾ ಅಮ್ಮ?"

"ಮಕ್ಕಳು ಅಂದ್ಮೇಲೆ ಚೆಲ್ಲದೇ ಇರ್ತಾವಾ ಅಂದ್ರು."

ರುಬೀನಾ ಬಕೆಟ್ಟು, ಬ್ರಷ್ಷು ತಂದಳು. ಸಫ್ದರ್ ಫ್ಯಾನಿನ ವೈರನ್ನು ಕಿಟಕಿಯಿಂದ ತಾನೇ ಎಳೆದು ಕೊಟ್ಟ. ಅವಳು ಕಲೆಯ ಮೇಲೆ ನೊರೆ ಹಾಕುವುದನ್ನು ಸ್ವಲ್ಪ ಹೊತ್ತು ನೋಡುತ್ತಾ ನಿಂತು, ಒಳಗೆ ಹೋಗಲು ತಿರುಗಿದ.

"ನಾಳೆ ಏಳೂಮುಕ್ಕಾಲಿಗೇ ಗೇಟಲ್ಲಿರ್ಬೇಕು," ಎಂದ, ಬೆನ್ನು ಹಾಕಿಕೊಂಡೇ. "ಎಂಟಕ್ಕೆ ಹೋದ್ರೆ ಆಗಲ್ಲ. ಕಾಲು ತೊಳ್ಕೊಂಡು ಶೂ ಹಾಕೋಕೆ ಮಕ್ಕಳಿಗೆ ಟೈಮ್ ಬೇಡ್ವಾ?"